ಪೊಟ್ಟಣದ ಮೇಲೆ 125, ತಕ್ಕಡಿಯ ಮೇಲೆ ಬೇರೆ

ಈ ಆರು ಬ್ರಾಡ್‌ಹೆಡ್‌ಗಳನ್ನು ನೋಡಿ. ಬೇಟೆಯ ಬಾಣಕ್ಕೆ ಹಾಕುವ ಎರಡು ಬಾಯಿಯ ಉಕ್ಕಿನ ಅಲಗುಗಳು. ಆರೂ ಒಂದೇ ಪೊಟ್ಟಣದಿಂದ ಬಂದವು, ಪೊಟ್ಟಣದ ಮೇಲೆ 125 ಗ್ರೇನ್ ಎಂದು ಅಚ್ಚಾಗಿದೆ. ನಿನ್ನೆ ಒಂದೊಂದನ್ನೇ ತೂಗಿ ಬರೆದುಕೊಂಡೆ. 123.4, 126.1, 125.0, 129.2, 124.6, 127.8. ಆರರಲ್ಲಿ ಹೇಳಿದ ತೂಕಕ್ಕೆ ಸರಿಯಾಗಿ ಕೂತದ್ದು ಒಂದೇ ಒಂದು.

ಹೊಸಬರು ಇದನ್ನು ಕಂಡಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಮೋಸ ಹೋದೆವೆಂದು ಸಿಟ್ಟಾಗಿ ಪೊಟ್ಟಣವನ್ನು ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಇನ್ನು ಕೆಲವರು ಅರ ಹಿಡಿದು ಕೂತು ಆರನ್ನೂ 123.4ಕ್ಕೆ ಇಳಿಸಲು ಒಂದು ಸಂಜೆಯನ್ನೇ ಕಳೆಯುತ್ತಾರೆ. ಎರಡೂ ಬೇಡ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಯಾವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಬಿಡಬೇಕು ಎನ್ನುವುದನ್ನು ಇವತ್ತು ಬಿಡಿಸಿ ನೋಡೋಣ. ಬಾಣದ ಇನ್ನೊಂದು ತುದಿಯಲ್ಲಿ ಒಂದು ಜೀವ ಇರುತ್ತದೆ. ಅಲಗು ಸರಿಯಿಲ್ಲದಿದ್ದರೆ ಆ ಜೀವ ಗಾಯಗೊಂಡು ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ. ಈ ವಿಷಯವನ್ನು ನಾನು ಇಷ್ಟು ಹಚ್ಚಿಕೊಂಡಿರುವುದು ಅದಕ್ಕೇ.

ಮೊದಲು ಗ್ರೇನ್ ಎಂದರೆ ಎಷ್ಟು ಎಂದು ಕೈಗೆ ಸಿಗುವ ಹಾಗೆ ಹೇಳುತ್ತೇನೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. ಅಂದರೆ 125 ಗ್ರೇನ್ ಎಂದರೆ 8.1 ಗ್ರಾಂ, 300 ಗ್ರೇನಿನ ಭಾರೀ ಅಲಗೂ 20 ಗ್ರಾಂ ಮುಟ್ಟುವುದಿಲ್ಲ. ಗುಲಗಂಜಿಯ ಲೆಕ್ಕ ಗೊತ್ತಿರುವವರಿಗೆ ಇನ್ನೂ ಸುಲಭ, ಒಂದು ಗುಲಗಂಜಿ ಸುಮಾರು ಎರಡು ಗ್ರೇನ್. ನನ್ನ ಆರು ಅಲಗುಗಳಲ್ಲಿ ಅತಿ ಹಗುರಕ್ಕೂ ಅತಿ ಭಾರಕ್ಕೂ ಇರುವ ಅಂತರ 5.8 ಗ್ರೇನ್, ಮೂರು ಗುಲಗಂಜಿ. ಅಡುಗೆಮನೆಯ ತಕ್ಕಡಿ ಇದನ್ನು ಹಿಡಿಯುವುದಿಲ್ಲ. ಕಾಡತೂಸಿಗೆ ಮದ್ದು ತುಂಬುವವರು ಬಳಸುವ ತಕ್ಕಡಿ ಬೇಕು, ಅದು ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ.

ಈಗ ಅಂತರ ಎಲ್ಲಿಂದ ಬಂತು ಎನ್ನುವುದಕ್ಕೆ ಬರೋಣ. ಹಳೆಯ ಬಗೆಯ ಅಲಗಿನಲ್ಲಿ ಎರಡು ಭಾಗ. ಒಂದು ಉಕ್ಕಿನ ಹಾಳೆಯಿಂದ ಕತ್ತರಿಸಿದ ತ್ರಿಕೋನ, ಇನ್ನೊಂದು ಅದರ ನಡುವೆ ಇರುವ ಕೊಳವೆ. ಆ ಕೊಳವೆಗೆ ಫೆರೂಲ್ ಎನ್ನುತ್ತಾರೆ, ಬಾಣದ ಕೋಲಿನ ಚೂಪು ಮಾಡಿದ ತುದಿ ಅದರೊಳಗೆ ಕೂರುತ್ತದೆ. ಎರಡನ್ನೂ ಹಿತ್ತಾಳೆಯಂಥ ಬೆಸುಗೆ ಲೋಹ ಕರಗಿಸಿ ಕೂಡಿಸಿರುತ್ತಾರೆ. ಬೆಸುಗೆ ಒಂದರಲ್ಲಿ ಒಂದು ಹನಿ ಹೆಚ್ಚು ಕೂತಿರುತ್ತದೆ, ಇನ್ನೊಂದರಲ್ಲಿ ಕಡಿಮೆ. ಬಣ್ಣದ ಲೇಪವೂ ಅಷ್ಟೇ. ಆದರೆ ದೊಡ್ಡ ಪಾಲು ಹಾಳೆಯದು. ಎರಡೂಕಾಲು ಇಂಚು ಉದ್ದ, 1⅛ ಇಂಚು ಅಗಲದ ತ್ರಿಕೋನದ ವಿಸ್ತೀರ್ಣ ಸುಮಾರು 1.27 ಚದರ ಇಂಚು. ಒಂದು ಘನ ಇಂಚು ಉಕ್ಕು ಹೆಚ್ಚುಕಡಿಮೆ 2000 ಗ್ರೇನ್ ತೂಗುತ್ತದೆ. ಹಾಗಾದರೆ ಹಾಳೆಯ ದಪ್ಪದಲ್ಲಿ ಇಂಚಿನ ಸಾವಿರದ ಒಂದು ಭಾಗ ಏರುಪೇರಾದರೆ ತೂಕದಲ್ಲಿ ಎರಡೂವರೆ ಗ್ರೇನ್ ಏರುಪೇರಾಯಿತು. ತಲೆಗೂದಲು ಒಂದರ ದಪ್ಪವೇ ಇಂಚಿನ ಸಾವಿರದ ಎರಡು ಮೂರು ಭಾಗ ಇರುತ್ತದೆ. ಹಾಳೆಯ ದಪ್ಪ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಸಾಕು, ನನ್ನ ಆ 5.8 ಗ್ರೇನ್ ಪೂರ್ತಿ ಅದರಿಂದಲೇ ಬರಬಹುದು. ಈ ಲೆಕ್ಕ ಮಾಡಿದ ದಿನದಿಂದ ತಯಾರಕರ ಮೇಲಿನ ನನ್ನ ಸಿಟ್ಟು ಇಳಿಯಿತು. ಬೆಸುಗೆ ಹಾಕಿ ಮಾಡುವ ಕೆಲಸದಲ್ಲಿ ಇಷ್ಟು ಅಂತರದೊಳಗೆ ನಿಲ್ಲಿಸುವುದೇ ಒಳ್ಳೆಯ ಕಸುಬು.

ಇಲ್ಲಿ ಸ್ವಲ್ಪ ಹಿಂದಿನ ಕಥೆಗೆ ಹೋಗಿ ಬರುತ್ತೇನೆ. ನಾವು ಇವತ್ತು ಸಾಂಪ್ರದಾಯಿಕ ಎಂದು ಕರೆಯುವ ಈ ಅಲಗುಗಳ ವಂಶ ಅಮೆರಿಕದ್ದು, ಬಹಳ ಹಳೆಯದೂ ಅಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಅಂಚಿನಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ. ಯಾಹಿ ಎಂಬ ಮೂಲನಿವಾಸಿ ಜನರಲ್ಲಿ ಉಳಿದಿದ್ದ ಕೊನೆಯವನು, ಅವನನ್ನು ಇಶಿ ಎಂದು ಕರೆದರು. ಅವನಿಗೆ ವೈದ್ಯನಾಗಿದ್ದ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ವಿದ್ಯೆ ಕಲಿತ. ಇಶಿ ಮೊನೆ ಮಾಡುತ್ತಿದ್ದದ್ದು ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನಿಂದ, ಒಡೆದ ಬಾಟಲಿಯ ಗಾಜಿನಿಂದಲೂ. ಚೂರು ಚೂರೇ ಚಕ್ಕೆ ಎಬ್ಬಿಸಿ ಕೂರಿಸಿದ ಸಣ್ಣ, ಹಗುರ ಮೊನೆಗಳು. 1916ರಲ್ಲಿ ಇಶಿ ತೀರಿಕೊಂಡ. ಪೋಪ್ ಮತ್ತು ಅವನ ಗೆಳೆಯ ಆರ್ಥರ್ ಯಂಗ್ ಉಕ್ಕಿನ ದೊಡ್ಡ ಅಲಗಿನ ಕಡೆ ಹೊರಳಿ, 1920ರಲ್ಲಿ ಯೆಲ್ಲೊಸ್ಟೋನ್‌ನಲ್ಲಿ ಗ್ರಿಜ್ಲಿ ಕರಡಿಗಳ ಮೇಲೆ ಅವನ್ನು ಬಳಸಿದರು. ಆಗೆಲ್ಲ ಅಲಗು ಮನೆಯಲ್ಲೇ ತಯಾರಾಗುತ್ತಿತ್ತು, ಪ್ರತಿಯೊಂದರ ತೂಕವೂ ಬೇರೆ. ಮಿನೆಸೋಟದ ಜ್ವಿಕಿ ಕುಟುಂಬದ ಅಲಗುಗಳು 1938ರಿಂದ ಕೊಳ್ಳಲು ಸಿಗತೊಡಗಿದವು. 1956ರಲ್ಲಿ ಬಿಲ್ಲು ತಯಾರಕ ಫ್ರೆಡ್ ಬೇರ್ ರೇಜರ್‌ಹೆಡ್ ಎಂಬ ಅಲಗು ತಂದ. ಅದರ ಮುಖ್ಯ ಅಲಗಿಗೆ ಅಡ್ಡವಾಗಿ ತೆಳುವಾದ ಇನ್ನೊಂದು ಬ್ಲೇಡನ್ನು ತೂರಿಸಬಹುದಿತ್ತು, ಬೇಡವಾದರೆ ತೆಗೆಯಬಹುದಿತ್ತು. ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ ಒಂದಿದೆ. ಪೊಟ್ಟಣದ ಮೇಲೆ ತೂಕ ಅಚ್ಚು ಹಾಕುವ ಪದ್ಧತಿಗಿಂತ ಬಿಲ್ಲುಗಾರ ತಾನೇ ತೂಗಿ ಜೋಡಿಸಿಕೊಳ್ಳುವ ಪದ್ಧತಿ ಹಳೆಯದು.

ಈಗ ಆ 5.8 ಗ್ರೇನ್ ಗುರಿಯಲ್ಲಿ ಏನು ಮಾಡುತ್ತದೆ, ಲೆಕ್ಕ ಹಾಕೋಣ. ಬಾಣದ ಒಟ್ಟು ತೂಕ 500 ಗ್ರೇನ್ ಇರಲಿ. ಲಾಂಗ್‌ಬೋ ಅಥವಾ ರಿಕರ್ವ್ ಎಂಬ ರಾಟೆಯಿಲ್ಲದ ಬಿಲ್ಲಿನಿಂದ ಸೆಕೆಂಡಿಗೆ 180 ಅಡಿ ವೇಗದಲ್ಲಿ ಹೊರಟಿತು, ಗುರಿ 20 ಗಜ ದೂರದಲ್ಲಿದೆ. 60 ಅಡಿ ಹೋಗಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಅಷ್ಟರಲ್ಲಿ ಬಾಣ ಇಪ್ಪತ್ತೊಂದೂವರೆ ಇಂಚು ಕೆಳಗಿಳಿಯುತ್ತದೆ. ಅಲಗು 5.8 ಗ್ರೇನ್ ಭಾರವಾದರೆ ಬಾಣದ ತೂಕ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಾಯಿತು, ವೇಗ ನೂರಕ್ಕೆ ಅರ್ಧದಷ್ಟು ಕಡಿಮೆಯಾಯಿತು. ಇಳಿತದಲ್ಲಿ ಬರುವ ವ್ಯತ್ಯಾಸ ಕಾಲು ಇಂಚು. 20 ಗಜದಲ್ಲಿ ಬರಿಗೈ ಅಂದಾಜಿನ ಮೇಲೆ ಹೊಡೆಯುವ ನಮ್ಮಲ್ಲಿ ಯಾರ ಬಾಣಗಳೂ ಕಾಲು ಇಂಚಿನೊಳಗೆ ಗುಂಪು ಕೂರುವುದಿಲ್ಲ. ಆದ್ದರಿಂದ ಐದಾರು ಗ್ರೇನಿನೊಳಗಿನ ಅಂತರಕ್ಕೆ ನಿದ್ದೆಗೆಡಬೇಡಿ. ಒಂದು ಗ್ರೇನಿಗಾಗಿ ಅರ ಹಾಕುವ ಸಮಯವನ್ನು ಸಾಣೆಕಲ್ಲಿನ ಮೇಲೆ ಕಳೆಯಿರಿ.

ಆದರೆ 25 ಗ್ರೇನ್, 50 ಗ್ರೇನಿನ ಅಂತರ ಬೇರೆಯೇ ಮಾತು, ಅದು ನಮಗೆ ಗೊತ್ತಾಗದ ಹಾಗೆ ಬಂದು ಸೇರಿಕೊಳ್ಳುತ್ತದೆ. ನನಗೆ ಆದದ್ದನ್ನೇ ಹೇಳುತ್ತೇನೆ. ಒಂದು ಋತುವಿಡೀ 125 ಗ್ರೇನಿನ ಫೀಲ್ಡ್ ಪಾಯಿಂಟ್, ಅಂದರೆ ಅಲಗಿಲ್ಲದ ಅಭ್ಯಾಸದ ಮೊನೆ ಹಾಕಿ ಅಭ್ಯಾಸ ಮಾಡಿದ್ದೆ. ಆಮೇಲೆ 125 ಎಂದು ಬರೆದ ಅಲಗು ತಂದೆ. ಅದು ಮರದ ಕೋಲಿಗೆ ಅಂಟಿಸುವ ಬಗೆಯದು, ನನ್ನ ಬಾಣಗಳು ತಿರುಪಿನವು. ಹಾಗಾಗಿ ನಡುವೆ ಅಡಾಪ್ಟರ್ ಕೂರಿಸಿ ಅಂಟು ಹಾಕಿ ತಿರುಗಿಸಿಕೊಂಡೆ. ಹೊಡೆದರೆ ಆರಕ್ಕೆ ಆರೂ ಬಾಣ ಗುರಿಯಿಂದ ನಾಲ್ಕು ಬೆರಳು ಬಲಕ್ಕೆ, ಎರಡು ಇಂಚು ಕೆಳಕ್ಕೆ. ಕೈ ತಪ್ಪಿತೆಂದು ಎರಡು ವಾರ ದಾರ ಬಿಡುವ ನನ್ನ ರೀತಿಯನ್ನೇ ತಿದ್ದಿಕೊಳ್ಳುತ್ತಿದ್ದೆ. ಕೊನೆಗೆ ಒಂದನ್ನು ಬಿಚ್ಚಿ ತೂಗಿದಾಗ 170 ತೋರಿಸಿತು. ಅಲಗು 125, ಅಡಾಪ್ಟರ್ 42, ಅಂಟು 3. ಪೊಟ್ಟಣದ ಸಂಖ್ಯೆ ಬರೀ ಅಲಗಿನದು, ಅಡಾಪ್ಟರ್ ಅದರಲ್ಲಿ ಸೇರಿರಲಿಲ್ಲ. ಅಂಟಿಸುವ ಬಗೆಯ ಅಲಗು ಕೊಳ್ಳುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಕೆಳಕ್ಕೆ ಹೋದದ್ದು ತೂಕದಿಂದ, ಅದು ಸರಿ. ಬಲಕ್ಕೆ ಹೋದದ್ದು ಏಕೆ? ಬಿಲ್ಲಿನ ದಾರ ತಳ್ಳಿದ ಕ್ಷಣದಲ್ಲಿ ಬಾಣದ ಕೋಲು ಮೀನಿನ ಹಾಗೆ ಬಳುಕುತ್ತದೆ, ಬಳುಕುತ್ತಲೇ ಬಿಲ್ಲಿನ ಮೈಯನ್ನು ಸುತ್ತಿ ಹೊರಬರುತ್ತದೆ. ಕೋಲಿನ ಈ ಬಿಗುವಿಗೆ ಸ್ಪೈನ್ ಎನ್ನುತ್ತೇವೆ. ಮುಂದಿನ ತುದಿ ಭಾರವಾದಷ್ಟೂ ಕೋಲು ಹೆಚ್ಚು ಬಾಗುತ್ತದೆ, ಮೆತ್ತಗಿನ ಕೋಲಿನ ಹಾಗೆ ವರ್ತಿಸುತ್ತದೆ. ಬಲಗೈ ಬಿಲ್ಲುಗಾರನಿಗೆ ಮೆತ್ತಗಿನ ಬಾಣ ಬಲಕ್ಕೆ ಹೋಗುತ್ತದೆ, ಗಡುಸಿನದು ಎಡಕ್ಕೆ. ಮರದ ಬಾಣ ಮಾಡುವವರಲ್ಲಿ ಒಂದು ಹಳೆಯ ಲೆಕ್ಕವಿದೆ. ತುದಿ 125 ಗ್ರೇನ್ ದಾಟಿದ ಮೇಲೆ ಪ್ರತಿ 25 ಗ್ರೇನಿಗೆ ಐದು ಪೌಂಡ್ ಹೆಚ್ಚಿನ ಸ್ಪೈನ್ ಇರುವ, ಅಂದರೆ ಐದು ಪೌಂಡ್ ಹೆಚ್ಚು ಎಳೆತದ ಬಿಲ್ಲಿಗೆ ಹೊಂದುವ ಕೋಲು ಬೇಕು. ನಾನು 45 ಗ್ರೇನ್ ಹೆಚ್ಚಿಸಿದ್ದೆ, ಒಂಬತ್ತು ಪೌಂಡ್‌ನಷ್ಟು ಮೆತ್ತಗಿನ ಕೋಲು ಹಿಡಿದುಕೊಂಡಂತೆ ಆಯಿತು. ಅಲಗಿನ ತೂಕ ಬದಲಾಯಿಸಿದರೆ ಬಾಣವನ್ನೇ ಬದಲಾಯಿಸಿದಂತೆ ಎಂದು ಆವತ್ತು ಮನವರಿಕೆಯಾಯಿತು.

ಈ ಗುಣವನ್ನೇ ನಮ್ಮ ಅನುಕೂಲಕ್ಕೂ ಬಳಸಿಕೊಳ್ಳಬಹುದು. ಅಡಾಪ್ಟರ್‌ಗಳು 75, 100, 125 ಗ್ರೇನಿನ ಉಕ್ಕಿನವೂ ಸಿಗುತ್ತವೆ. 125ರ ಅಲಗಿಗೆ 75ರದ್ದು ಕೂರಿಸಿದರೆ 200, 125ರದ್ದು ಕೂರಿಸಿದರೆ 250. ಕೋಲು ಗಡುಸಾಗಿ ಎಡಕ್ಕೆ ಹೋಗುತ್ತಿದ್ದರೆ ಕೋಲನ್ನು ಎಸೆಯದೆ ಮುಂದಿನ ತೂಕ ಏರಿಸಿ ಸರಿ ಮಾಡಬಹುದು. ಬಾಣದ ಸಮತೋಲನವೂ ಮುಂದಕ್ಕೆ ಜರುಗುತ್ತದೆ. 28 ಇಂಚಿನ, ಅಲಗಿಲ್ಲದೆ 350 ಗ್ರೇನ್ ತೂಗುವ, ನಡುವಿನಲ್ಲೇ ಸಮತೂಗುವ ಬಾಣ ಎಂದುಕೊಳ್ಳಿ. 125 ಗ್ರೇನ್ ಹಾಕಿದರೆ ಸಮತೋಲನದ ಬಿಂದು ನಡುವಿನಿಂದ ಉದ್ದದ ನೂರಕ್ಕೆ 13ರಷ್ಟು ಮುಂದಕ್ಕೆ ಬರುತ್ತದೆ. 200 ಹಾಕಿದರೆ 18, 300 ಹಾಕಿದರೆ 23. ಬಿಲ್ಲುಗಾರರ ಮಾತಿನಲ್ಲಿ ಎಫ್‌ಒಸಿ (ಫ್ರಂಟ್ ಆಫ್ ಸೆಂಟರ್) ಎಂದರೆ ಇದೇ. ಮುಂದೆ ಭಾರ ಇದ್ದಷ್ಟೂ ಹಿಂದಿನ ಗರಿಗೆ ಬಾಣವನ್ನು ನೇರ ಮಾಡುವುದು ಸುಲಭ, ಉದ್ದನೆಯ ಸನ್ನೆಕೋಲು ಸಿಕ್ಕ ಹಾಗೆ. ಆದರೆ ವೇಗ ಇಳಿಯುತ್ತದೆ, ಬಾಣದ ದಾರಿ ಹೆಚ್ಚು ಬಾಗುತ್ತದೆ. ದೂರ ಅಂದಾಜು ಮಾಡುವುದರಲ್ಲಿ ಐದು ಗಜ ತಪ್ಪಿದರೆ ಆ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಅಳತೆ. ತೂಕಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ಇದರ ಬಗ್ಗೆ ಎಂದು ನನ್ನ ಅಭಿಪ್ರಾಯ. ಒಂದೇ ತೂಕದ ಎರಡು ಅಲಗು ಬೇರೆ ಬೇರೆ ಆಕಾರದಲ್ಲಿರಬಹುದು. ನನ್ನ ಎಡಗೈಯಲ್ಲಿರುವುದು ಒಂದೂವರೆ ಇಂಚು ಅಗಲ, ಎರಡೂಕಾಲು ಇಂಚು ಉದ್ದ, ತೆಳು ಹಾಳೆ. ಬಲಗೈಯಲ್ಲಿರುವುದು ಒಂದು ಇಂಚು ಅಗಲ, ಮೂರು ಇಂಚು ಉದ್ದ, ದಪ್ಪ ಹಾಳೆ. ತಕ್ಕಡಿಯಲ್ಲಿ ಎರಡೂ ಹತ್ತಿರ ಹತ್ತಿರ. ಆ ಉಕ್ಕನ್ನು ಅಗಲಕ್ಕೆ ಖರ್ಚು ಮಾಡಿದ್ದಾರೋ ದಪ್ಪಕ್ಕೆ ಖರ್ಚು ಮಾಡಿದ್ದಾರೋ ಎಂಬುದನ್ನು ತೂಕದ ಸಂಖ್ಯೆ ಹೇಳುವುದಿಲ್ಲ.

ಅಗಲ ಇದ್ದರೆ ಗಾಯ ದೊಡ್ಡದು, ರಕ್ತ ಬೇಗ ಹರಿಯುತ್ತದೆ, ಪ್ರಾಣಿ ಬೇಗ ಬೀಳುತ್ತದೆ. ಇದು ನಿಜ, ಬಾಣ ಒಳಗೆ ಹೋದರೆ. ಒಳಗೆ ಹೋಗಲು ಏನು ಬೇಕು? ಅಲಗಿನ ಬಾಯಿಯನ್ನು ಗುಡ್ಡದ ಇಳಿಜಾರು ಎಂದುಕೊಳ್ಳಿ. ಎಡಗೈಯ ಅಲಗಿನಲ್ಲಿ ನಡುವಿನಿಂದ ಅಂಚಿಗೆ ಮುಕ್ಕಾಲು ಇಂಚು, ಉದ್ದ ಎರಡೂಕಾಲು. ಮೂರು ಇಂಚು ಮುಂದೆ ಹೋದರೆ ಒಂದು ಇಂಚು ಹತ್ತಬೇಕು. ಬಲಗೈಯದರಲ್ಲಿ ಆರು ಇಂಚು ಮುಂದೆ ಹೋದರೆ ಒಂದು ಇಂಚು ಹತ್ತಿದರೆ ಸಾಕು. ಕಡಿದಾದ ಏರಿನಲ್ಲಿ ಬಂಡಿ ನೂಕುವುದಕ್ಕೂ ಸಾವಕಾಶದ ಏರಿನಲ್ಲಿ ನೂಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಲಾಂಗ್‌ಬೋನ ಬಾಣದಲ್ಲಿ ಇರುವ ಶಕ್ತಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನದಕ್ಕಿಂತ ಬಹಳ ಕಡಿಮೆ. ಆದ್ದರಿಂದ 40–45 ಪೌಂಡ್ ಎಳೆತದ ಬಿಲ್ಲು ಹಿಡಿದವರಿಗೆ ನಾನು ಕಿರಿದಾದ, ಉದ್ದನೆಯ ಎರಡು ಬಾಯಿಯ ಅಲಗನ್ನೇ ಹೇಳುತ್ತೇನೆ. 55 ಪೌಂಡ್ ದಾಟಿದವರು ಅಗಲದ್ದನ್ನು ಯೋಚಿಸಬಹುದು.

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಎಡ್ ಆಶ್ಬಿ ಎಂಬವರು ನಿಜವಾದ ಪ್ರಾಣಿಗಳ ಮೇಲೆ ಬೇರೆ ಬೇರೆ ಬಾಣ, ಬೇರೆ ಬೇರೆ ಅಲಗುಗಳನ್ನು ಪರೀಕ್ಷಿಸಿ ದಾಖಲಿಸತೊಡಗಿದರು. ಅಗಲಕ್ಕೆ ಮೂರು ಪಟ್ಟು ಉದ್ದ ಇರುವ ಅಲಗಿನ ಮಾತು, ಭಾರೀ ಎಲುಬು ಮುರಿಯಬೇಕಾದರೆ ಬಾಣದ ಒಟ್ಟು ತೂಕ 650 ಗ್ರೇನ್ ದಾಟಿರಲಿ ಎಂಬ ಮಾತು, ಇವೆರಡೂ ಅವರಿಂದಲೇ ಹೆಚ್ಚು ಪ್ರಚಾರಕ್ಕೆ ಬಂದವು. ಆ 650 ದೊಡ್ಡ ಪ್ರಾಣಿಯ ಗಟ್ಟಿ ಎಲುಬಿನ ಲೆಕ್ಕ, ಎಲ್ಲ ಬೇಟೆಗೂ ಅಂಟಿಸುವ ಲೆಕ್ಕವಲ್ಲ. ಸಣ್ಣ ಜಿಂಕೆಗೂ 650 ಗ್ರೇನಿನ ಬಾಣವೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಅವರ ಬಿಲ್ಲು 40 ಪೌಂಡಿನದಾದರೆ ಆ ಬಾಣ ತೆವಳಿಕೊಂಡು ಹೋಗುತ್ತದೆ.

ಬ್ಲೇಡ್‌ಗಳ ಸಂಖ್ಯೆಯೂ ಅಳತೆಯ ಮಾತೇ. 1⅛ ಇಂಚಿನ ಎರಡು ಬಾಯಿಯ ಅಲಗು ಮಾಡುವ ಸೀಳು 1⅛ ಇಂಚು ಉದ್ದ. ಅದೇ ವ್ಯಾಸದ ಮೂರು ಬಾಯಿಯದ್ದು ನಡುವಿನಿಂದ ಮೂರು ಕಡೆ ಕತ್ತರಿಸುತ್ತದೆ, ಒಟ್ಟು ಸುಮಾರು 1.7 ಇಂಚು. ಎರಡು ಬಾಯಿಯ ಅಲಗಿಗೆ ಮುಕ್ಕಾಲು ಇಂಚಿನ ಅಡ್ಡ ಬ್ಲೇಡ್ ತೂರಿಸಿದರೆ ಒಟ್ಟು 1.9 ಇಂಚಿನ ಹತ್ತಿರ. ಕತ್ತರಿಸುವ ಉದ್ದ ಹೆಚ್ಚಿದಷ್ಟೂ ತಡೆಯೂ ಹೆಚ್ಚು. ಅಮೆರಿಕದ ಬಹಳಷ್ಟು ರಾಜ್ಯಗಳ ಬೇಟೆ ಕಾನೂನು ಅಲಗಿನ ಅಗಲ ಕನಿಷ್ಠ ⅞ ಇಂಚು ಇರಲೇಬೇಕು ಎನ್ನುತ್ತದೆ. ಹಿಂದಕ್ಕೆ ಕೊಕ್ಕೆಯಂತೆ ಚಾಚಿದ ಮುಳ್ಳಿನ ಅಲಗನ್ನು ಹಲವೆಡೆ ನಿಷೇಧಿಸಿದ್ದಾರೆ, ತಾಗಿ ತಪ್ಪಿಸಿಕೊಂಡ ಪ್ರಾಣಿಯ ಮೈಯಿಂದ ಬಾಣ ಕಳಚಿ ಬೀಳಲಿ ಎಂದು. ನನಗೆ ಆ ಕಾನೂನಿನಲ್ಲಿ ಕರುಣೆ ಕಾಣುತ್ತದೆ.

ಅಗಲದ ಇನ್ನೊಂದು ಪರಿಣಾಮ ಗಾಳಿಯಲ್ಲಿ. ಅಲಗು ಎಂದರೆ ಬಾಣದ ಮುಂದೆ ಕಟ್ಟಿದ ರೆಕ್ಕೆ. ಹಿಂದಿನ ಗರಿ ಬಾಣವನ್ನು ನೇರ ಮಾಡಲು ನೋಡುತ್ತದೆ, ಮುಂದಿನ ರೆಕ್ಕೆ ಅದನ್ನು ಎಳೆದಾಡಲು ನೋಡುತ್ತದೆ. 1⅛ರಿಂದ ಒಂದೂವರೆ ಇಂಚಿಗೆ ಹೋದರೆ, ಉದ್ದ ಅದೇ ಇದ್ದರೂ, ಆ ರೆಕ್ಕೆಯ ವಿಸ್ತೀರ್ಣ ಮೂರನೇ ಒಂದು ಭಾಗ ಹೆಚ್ಚಾಗುತ್ತದೆ. ಅಗಲದ ಅಲಗಿಗೆ ಐದು ಇಂಚಿನ ಮೂರು ಗರಿ, ಸ್ವಲ್ಪ ಓರೆಯಾಗಿ ಅಂಟಿಸಿದ್ದು, ಬೇಕೇ ಬೇಕು. ಅಲಗು ತುಸು ಸೊಟ್ಟಗೆ ಕೂತಿದ್ದರಂತೂ ಮುಗಿಯಿತು, ಆ ರೆಕ್ಕೆಯೇ ಬಾಣವನ್ನು ತಿರುಗಿಸಿಕೊಂಡು ಹೋಗುತ್ತದೆ. ಐದು ಗ್ರೇನ್ ಹೆಚ್ಚಾದರೆ ಕಾಲು ಇಂಚು, ಸೊಟ್ಟ ಕೂತರೆ ಒಂದು ಗೇಣು.

ಆದ್ದರಿಂದ ತೂಗುವ ಮೊದಲು ತಿರುಗಿಸಿ ನೋಡಿ. ಬಾಣವನ್ನು ನೆಟ್ಟಗೆ ನಿಲ್ಲಿಸಿ, ಅಲಗಿನ ಮೊನೆಯನ್ನು ಗಟ್ಟಿ ಮರದ ತುಂಡಿನ ಮೇಲೆ ಊರಿ, ಎರಡು ಬೆರಳಲ್ಲಿ ಕೋಲನ್ನು ಬುಗುರಿಯಂತೆ ತಿರುಗಿಸಿ. ಕಣ್ಣನ್ನು ಫೆರೂಲ್ ಕೋಲಿಗೆ ಸೇರುವ ಜಾಗದಲ್ಲಿ ಇಡಿ. ಸರಿ ಕೂತಿದ್ದರೆ ಅಲ್ಲಿ ಏನೂ ಅಲುಗುವುದಿಲ್ಲ, ಕೋಲು ನಿಂತ ಹಾಗೆಯೇ ಕಾಣುತ್ತದೆ. ಸೊಟ್ಟ ಇದ್ದರೆ ಆ ಜಾಗ ನಡುಗುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಆಗ ಫೆರೂಲನ್ನು ನಿಧಾನಕ್ಕೆ ಬಿಸಿ ಮಾಡಿ, ಹಾಟ್ ಮೆಲ್ಟ್ ಅಂಟು ಕರಗುತ್ತಿದ್ದಂತೆ ಅಲಗನ್ನು ಕಾಲು ಸುತ್ತು ತಿರುಗಿಸಿ, ಮರದ ತುಂಡಿಗೆ ಒತ್ತಿ ಹಿಡಿದು ತಣ್ಣಗಾಗಲು ಬಿಡಿ, ಮತ್ತೆ ತಿರುಗಿಸಿ ನೋಡಿ. ಬೆಂಕಿಯನ್ನು ಅಲಗಿನ ಅಂಚಿಗೆ ತಾಗಿಸಬೇಡಿ. ಅಂಚು ನೀಲಿಗೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲುವುದಿಲ್ಲ. ಕೋಲಿನ ತುದಿಯ ಚೂಪು ಐದು ಡಿಗ್ರಿಯದು, ಫೆರೂಲಿನ ಒಳಗೂ ಅಷ್ಟೇ. ಚೂಪು ಮಾಡುವಾಗ ಅದು ಒಂದು ಕಡೆಗೆ ವಾಲಿದ್ದರೆ ಅಂಟು ಎಷ್ಟು ಸಲ ಕರಗಿಸಿದರೂ ಪ್ರಯೋಜನವಿಲ್ಲ, ಕೋಲನ್ನೇ ಹೊಸದಾಗಿ ಚೂಪು ಮಾಡಬೇಕು.

ಅಲಗು ಅಡ್ಡ ಕೂರಬೇಕೋ ನೆಟ್ಟಗೆ ಕೂರಬೇಕೋ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬಾಣ ಹಾರುತ್ತ ತಿರುಗುತ್ತದೆ, ಹಾಗಾಗಿ ಗಾಳಿಯಲ್ಲಿ ಅದು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಎಲ್ಲ ಬಾಣಗಳಲ್ಲೂ ಒಂದೇ ರೀತಿ ಕೂರಿಸಿ. ಗುರಿ ಹಿಡಿಯುವಾಗ ಕಣ್ಣಂಚಿನಲ್ಲಿ ಕಾಣುವ ಚಿತ್ರ ಒಂದೇ ಇದ್ದರೆ ಕೈಯೂ ಒಂದೇ ಥರ ಕೆಲಸ ಮಾಡುತ್ತದೆ.

ಸಾಣೆ ಹಿಡಿದಾಗಲೂ ತೂಕ ಹೋಗುತ್ತದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಹೊಸ ಅಲಗಿನ ಬಾಯಿ ಬಹಳ ಸಲ ಮೊಂಡಾಗಿಯೇ ಬರುತ್ತದೆ, ಅರ ಹಾಕಿ ಓರೆ ತೆಗೆದು, ಆಮೇಲೆ ಕಲ್ಲಿಗೆ ಹಿಡಿಯಬೇಕು. ನನ್ನ 160ರ ಒಂದು ಅಲಗು ಎರಡು ವರ್ಷದ ಸಾಣೆಯಲ್ಲಿ 154ಕ್ಕೆ ಬಂತು. ಹೊಸ ಅಲಗನ್ನು ಸಾಣೆಗೆ ಮೊದಲು ತೂಗಿ ಜೋಡಿ ಮಾಡಿದರೆ ಆ ಜೋಡಿ ನಿಲ್ಲುವುದಿಲ್ಲ. ಮೊದಲು ಹರಿತ ಮಾಡಿ, ಆಮೇಲೆ ತಕ್ಕಡಿ. ಹರಿತ ಎಂದರೆ ಎಷ್ಟು ಎನ್ನುವುದಕ್ಕೆ ನಾನು ರಬ್ಬರ್ ಬ್ಯಾಂಡ್ ಪರೀಕ್ಷೆ ಮಾಡುತ್ತೇನೆ. ಬೆರಳುಗಳ ನಡುವೆ ಸಡಿಲವಾಗಿ ಹಿಡಿದ ರಬ್ಬರ್ ಬ್ಯಾಂಡ್ ಮೇಲೆ ಅಂಚನ್ನು ಸುಮ್ಮನೆ ಸವರಿ. ರಬ್ಬರ್ ಜಗ್ಗದೆ ತುಂಡಾದರೆ ಸರಿ. ಜಗ್ಗಿ, ಪಕ್ಕಕ್ಕೆ ಸರಿದು, ಆಮೇಲೆ ತುಂಡಾದರೆ ಕಲ್ಲಿಗೆ ವಾಪಸ್. ಜೀವಂತ ಮೈಯಲ್ಲಿ ರಕ್ತನಾಳವೂ ಈ ರಬ್ಬರ್ ಬ್ಯಾಂಡ್ ಹಾಗೆಯೇ. ಮೊಂಡು ಅಂಚು ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ, ಹರಿತವಾದದ್ದು ಕತ್ತರಿಸುತ್ತದೆ.

ಈಗ ಈ ಆರಕ್ಕೆ ವಾಪಸ್ ಬರೋಣ. ಇವುಗಳನ್ನು ನಾನು ಏನು ಮಾಡುತ್ತೇನೆ ಎಂದರೆ, ಮೊದಲು ಆರಕ್ಕೂ ಸಾಣೆ. ಆಮೇಲೆ ಪ್ರತಿಯೊಂದಕ್ಕೂ ಫೆರೂಲಿನ ಮೇಲೆ ಶಾಯಿಯಲ್ಲಿ ಒಂದು ಸಂಖ್ಯೆ, ಅದರ ಎದುರು ವಹಿಯಲ್ಲಿ ಹೊಸ ತೂಕ. ನನ್ನ ಹತ್ತಿರ ಆರು ಕೋಲುಗಳಿವೆ, ಮರದವು, ಅವುಗಳ ತೂಕದಲ್ಲಿ ಅಲಗುಗಳಿಗಿಂತ ಹೆಚ್ಚು ಅಂತರವಿದೆ. ಅತಿ ಹಗುರ ಕೋಲಿಗೆ ಅತಿ ಭಾರದ ಅಲಗು, ಅತಿ ಭಾರದ ಕೋಲಿಗೆ ಹಗುರದ್ದು, ಹೀಗೆ ಜೋಡಿಸಿದರೆ ಪೂರ್ತಿ ಬಾಣಗಳ ತೂಕ ಹತ್ತಿರ ಬಂದು ನಿಲ್ಲುತ್ತದೆ. ಅಲಗೊಂದನ್ನೇ ತೂಗಿ ಕೊರಗುವುದಕ್ಕಿಂತ ಮುಗಿದ ಬಾಣವನ್ನು ತೂಗುವುದು ಮೇಲು. ಅಂಟಿಸಿದ ಮೇಲೆ ಒಂದೊಂದನ್ನೂ ತಿರುಗಿಸಿ ನೋಡಿ, ಒಂದೊಂದನ್ನೂ ಫೋಮ್ ಗುರಿಗೆ ಹೊಡೆದು ನೋಡುತ್ತೇನೆ, ಪ್ರತಿ ಬಾಣ ಹತ್ತು ಸಲವಾದರೂ. ಯಾವ ಸಂಖ್ಯೆಯ ಬಾಣ ಮತ್ತೆ ಮತ್ತೆ ಗುಂಪಿನಿಂದ ಹೊರಗೆ ಬೀಳುತ್ತದೋ ಅದು ಅಭ್ಯಾಸಕ್ಕೆ ಉಳಿಯುತ್ತದೆ, ಕಾಡಿಗೆ ಬರುವುದಿಲ್ಲ. ಹೋದ ಸಲ ಹಾಗೆ ಹೊರಗೆ ಉಳಿದದ್ದು ತಕ್ಕಡಿಯಲ್ಲಿ ಕರಾರುವಾಕ್ಕಾಗಿ 125 ತೋರಿಸಿದ ಅಲಗು. ಅದರ ಫೆರೂಲ್ ಕೂದಲೆಳೆಯಷ್ಟು ವಾಲಿತ್ತು.